ಧೊಪ್ಪಕ್ಕ ಕುಡಿಸಿದ ನೀರು

ಬಸ್ ಡಿಪೋದಲ್ಲಿ ಅಡ್ಡಹೆಸರಿಲ್ಲದವರು ಯಾರೂ ಇಲ್ಲ. ಬ್ರೇಕ್ ಹಾಕಿದಾಗಲೆಲ್ಲ ಒಬ್ಬರನ್ನು ಇನ್ನೊಬ್ಬರ ಮಡಿಲಲ್ಲಿ ಕೂರಿಸುವ ಡ್ರೈವರಿಗೆ ಒಂದು ಹೆಸರು, ಚಿಲ್ಲರೆ ಕೇಳಿದರೆ ಆಕಾಶ ನೋಡುವ ಕಂಡಕ್ಟರಿಗೆ ಇನ್ನೊಂದು. ಈ ಹೆಸರುಗಳನ್ನು ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇಲ್ಲ, ಬೆನ್ನ ಹಿಂದೆ ಕರೆಯದೆ ಇರುವ ಸಂಯಮವೂ ಇಲ್ಲ. ಎದುರಿಗೇ ಕರೆಸಿಕೊಂಡು, "ಏನ್ರೀ?" ಎಂದು ಸೊಂಟಕ್ಕೆ ಕೈಯಿಟ್ಟು ತಿರುಗುವವಳು ಒಬ್ಬಳೇ. ಅವಳು ಧೊಪ್ಪಕ್ಕ.

ಕೆಲಸದಲ್ಲಿ ಕಂಡಕ್ಟರು. ಬಸ್ಸಿನ ಹಿಂಬಾಗಿಲಲ್ಲಿ ನಿಂತು ಒಂದು ಸಲ ಕೂಗಿದರೆ ಮುಂಬಾಗಿಲಲ್ಲಿ ಜೋತುಬಿದ್ದ ಕಾಲೇಜು ಹುಡುಗರು ತಾವಾಗಿಯೇ ಒಳಗೆ ಸರಿಯುತ್ತಾರೆ. ಕೊರಳಲ್ಲಿ ಸೀಟಿ, ಹೆಗಲಲ್ಲಿ ಚರ್ಮದ ಚೀಲ, ಮೂಗಿನ ತುದಿಯಲ್ಲಿ ಕೋಪ. ತುಂಬಿದ ಬಸ್ಸು ಎಂಥ ತಿರುವಿನಲ್ಲಿ ವಾಲಿದರೂ ಕಂಬಿ ಹಿಡಿಯದೆ, ತೊಡೆ ಬಿಗಿಮಾಡಿ ನಿಂತು ಚೀಟಿ ಹರಿದು ಕೊಡುವವಳು. ಅಂಥವಳು ಬಿದ್ದಳು ಎಂಬುದೇ ಡಿಪೋಗೆ ಸುದ್ದಿಯಾಯಿತು. ಬಸ್ಸಿನಲ್ಲಲ್ಲ, ನಿಂತ ನೆಲದ ಮೇಲೆ, ಹೋದ ವರ್ಷದ ರಕ್ತದಾನ ಶಿಬಿರದಲ್ಲಿ.

ಆ ಶಿಬಿರಕ್ಕೆ ಅವಳನ್ನು ಯಾರೂ ಎಳೆದು ತಂದಿರಲಿಲ್ಲ. ಅವಳ ತಂಗಿ ಹೆರಿಗೆಯಲ್ಲಿ ಸಾವಿನ ಬಾಗಿಲು ತಟ್ಟಿ ಬಂದವಳು. ಗುರುತು ಪರಿಚಯವಿಲ್ಲದ ಯಾರೋ ಕೊಟ್ಟ ರಕ್ತ ತೊಟ್ಟು ತೊಟ್ಟಾಗಿ ತಂಗಿಯ ಮೈಸೇರುವುದನ್ನು ಧೊಪ್ಪಕ್ಕ ಮಂಚದ ಪಕ್ಕ ಕೂತು ಕಣ್ಣಾರೆ ನೋಡಿದ್ದಳು. ಹಾಗಾಗಿ ಡಿಪೋದಲ್ಲಿ ಮೊದಲ ಸಲ ಶಿಬಿರ ನಡೆದಾಗ ಹೆಸರು ಕೊಟ್ಟವರಲ್ಲಿ ಅವಳೇ ಮೊದಲಿಗಳು. ಬೆಳಗಿನ ಟ್ರಿಪ್ಪು ಮುಗಿಸಿ, ಬಸ್ಸಿನಿಂದ ಇಳಿದವಳು ನೆಟ್ಟಗೆ ಹೋಗಿ ಮಂಚದ ಮೇಲೆ ಮಲಗಿದಳು. ರಕ್ತ ಕೊಟ್ಟಿದ್ದಾಯಿತು. "ಸ್ವಲ್ಪ ಹೊತ್ತು ಮಲಗಿರಿ" ಎಂದು ರಕ್ತನಿಧಿಯ ಸಿಸ್ಟರು ಹೇಳಿ ಆಚೆ ತಿರುಗಿದ್ದರು. ಹೊರಗೆ ಮುಂದಿನ ಟ್ರಿಪ್ಪಿಗೆ ಬಸ್ಸು ಹಾರ್ನ್ ಹೊಡೆಯಿತು. ಧೊಪ್ಪಕ್ಕ ಎದ್ದೆನೋ ಬಿದ್ದೆನೋ ಎಂದು ಹೊರಟಳು. ಎದ್ದದ್ದೂ ನಿಜ, ಬಿದ್ದದ್ದೂ ನಿಜ. ಬಿಸ್ಕತ್ತಿನ ಮೇಜು, ಚಹದ ಕೆಟಲು, ಎಲ್ಲವನ್ನೂ ಜೊತೆಗೆ ಕರೆದುಕೊಂಡೇ ಬಿದ್ದಳು.

ಅದೇ ಶಿಬಿರದಲ್ಲಿ, ಕೆಲಸಕ್ಕೆ ಹೊಸದಾಗಿ ಸೇರಿದ್ದ ಕಂಡಕ್ಟರ್ ಹುಡುಗಿಯೊಬ್ಬಳು ಕುರ್ಚಿಯಿಂದ ಜಾರಿದಳು. ಆಮೇಲೆ ವರ್ಕ್‌ಶಾಪಿನ ವೆಲ್ಡರೂ ಬಿದ್ದ. ಆಳು ಎಂದರೆ ಆಳು, ಬಸ್ಸಿನ ಚಕ್ರವನ್ನು ಒಬ್ಬನೇ ಎತ್ತಿ ನಿಲ್ಲಿಸುವವನು. ಅವನು ಬಿದ್ದಾಗ ಎಲ್ಲರೂ ಓಡಿಬಂದು, "ಪಾಪ, ನಿದ್ದೆಗೆಟ್ಟಿದ್ದ" ಎಂದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಹಾಗೆ. ಧೊಪ್ಪಕ್ಕನಿಗೆ ಮೀಸೆ ಇಲ್ಲವಲ್ಲ, ಅವಳಿಗೆ ಅಡ್ಡಹೆಸರು ಬಂತು. ಗಂಡಸು ಬಿದ್ದರೆ ನಿದ್ದೆಯ ತಪ್ಪು, ಹೆಂಗಸು ಬಿದ್ದರೆ ಹೆಂಗಸಾದದ್ದೇ ತಪ್ಪು.

ಆವತ್ತು ಅವಳ ಕಾಲಡಿಗೆ ದಿಂಬಿಟ್ಟು, ಸಿಸ್ಟರು ಒಂದೇ ಒಂದು ಪ್ರಶ್ನೆ ಕೇಳಿದ್ದರು. "ಬೆಳಗ್ಗೆಯಿಂದ ಎಷ್ಟು ನೀರು ಕುಡಿದಿದ್ದೀರಿ?"

"ನೀರಾ?" ಎಂದಳು ಧೊಪ್ಪಕ್ಕ, ಯಾರೋ ಅವಳನ್ನು ವಿಮಾನ ಓಡಿಸುತ್ತೀರಾ ಎಂದು ಕೇಳಿದ ಹಾಗೆ. "ಡ್ಯೂಟಿ ದಿನ ನೀರು ಕುಡಿಯೋದುಂಟಾ ಸಿಸ್ಟರ್?"

ಸಿಸ್ಟರಿಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾದರೆ ಬಸ್ಸಿನಲ್ಲಿ ನಿಲ್ಲಬೇಕು. ಗಂಡಸು ಕಂಡಕ್ಟರಿಗೆ ದಾರಿಯುದ್ದಕ್ಕೂ ಗೋಡೆಗಳಿವೆ, ಮರಗಳಿವೆ. ಹೆಂಗಸಿಗೆ ಏನಿದೆ? ಕೊನೆಯ ನಿಲ್ದಾಣದಲ್ಲಿ ಏನೂ ಇಲ್ಲ. ಡಿಪೋದಲ್ಲಿ ಹೆಂಗಸರ ಶೌಚಾಲಯವೇನೋ ಇತ್ತು, ಅದಕ್ಕೆ ಬೀಗವೂ ಇತ್ತು. ಬೀಗದ ಕೈ ಮ್ಯಾನೇಜರ ಕೋಣೆಯ ಮೊಳೆಯಲ್ಲಿ. ಕಳೆದುಹೋಗಬಾರದೆಂದು ಅದಕ್ಕೆ ಮೊಳದುದ್ದದ ಮರದ ತುಂಡೊಂದನ್ನು ಕಟ್ಟಿದ್ದರು. ಬೇಕಾದವರು ಮ್ಯಾನೇಜರ ಎದುರು ನಿಂತು ಕೇಳಬೇಕು, ಆ ಮರದ ತುಂಡನ್ನು ಹಿಡಿದು ಅಂಗಳ ದಾಟಬೇಕು, ಅಂಗಳದ ತುಂಬ ಗಂಡಸರು ಬೀಡಿ ಸೇದುತ್ತ ಕೂತಿರುತ್ತಾರೆ. ಯಾವ ಹೆಂಗಸು ಹೋಗುತ್ತಾಳೆ? ಹಾಗಾಗಿ ಡಿಪೋದ ಹೆಂಗಸರೆಲ್ಲ ಒಂದು ವಿದ್ಯೆ ಕಲಿತಿದ್ದರು. ಮನೆ ಬಿಟ್ಟ ಮೇಲೆ ಮನೆ ಸೇರುವವರೆಗೆ ನೀರು ಮುಟ್ಟದ ವಿದ್ಯೆ. ಹಿರಿಯರು ಕಿರಿಯರಿಗೆ ಚೀಟಿ ಹರಿಯುವುದನ್ನು ಕಲಿಸುವ ಮೊದಲು ಇದನ್ನು ಕಲಿಸುತ್ತಿದ್ದರು. ಅದೆಷ್ಟು ರೂಢಿಯಾಗಿತ್ತೆಂದರೆ ರಕ್ತ ಕೊಡಲು ಹೋಗುವಾಗಲೂ ಯಾರಿಗೂ ನೆನಪಾಗಲಿಲ್ಲ.

ಎಲ್ಲವನ್ನೂ ಕೇಳಿಸಿಕೊಂಡ ಸಿಸ್ಟರು ತಲೆ ಚಚ್ಚಿಕೊಂಡರು. "ಒಣಗಿದ ಮೈಯಿಂದ ರಕ್ತ ತೆಗೆದ್ರೆ ತಲೆವರೆಗೂ ಏರೋದಕ್ಕೆ ಏನಿರುತ್ತೆ ಅಕ್ಕಾ? ಮುಂದಿನ ಸಲ ಹೊಟ್ಟೆ ತುಂಬ ತಿಂದು, ದೊಡ್ಡ ಲೋಟ ನೀರು ಕುಡಿದು ಬನ್ನಿ. ಮೊದಲನೇ ಸಲ ಕೊಡೋರಿಗಂತೂ ಅದು ಬೇಕೇ ಬೇಕು."

"ಮುಂದಿನ ಸಲ" ಎಂಬ ಮಾತನ್ನು ಧೊಪ್ಪಕ್ಕ ಗಟ್ಟಿಯಾಗಿ ಹಿಡಿದುಕೊಂಡಳು. ಅಡ್ಡಹೆಸರನ್ನೂ ಹಿಡಿದುಕೊಂಡಳು. ಯಾರೋ ಕಿಸಕ್ಕನೆ ನಕ್ಕು "ಧೊಪ್ಪಕ್ಕ" ಎಂದಾಗ, "ಹೌದು, ಧೊಪ್ಪಂತ ಬಿದ್ದೆ. ನೀನು ಮಂಚದ ಹತ್ರಾನೂ ಬರ್ಲಿಲ್ವಲ್ಲ, ನಿನಗೇನಂತ ಕರೀಲಿ?" ಎಂದಳು. ಆಮೇಲೆ ಹೆಸರಿನಲ್ಲಿದ್ದ ನಗು ಹೋಯಿತು, ಹೆಸರು ಉಳಿಯಿತು.

ಈ ವರ್ಷ ಶಿಬಿರದ ಸೂಚನೆ ಫಲಕದ ಮೇಲೆ ಬಂತು. ಕೆಳಗೆ ಸಣ್ಣದಾಗಿ, ಪುರುಷ ಸಿಬ್ಬಂದಿಗೆ ಮಾತ್ರ ಎಂದಿತ್ತು.

ಧೊಪ್ಪಕ್ಕ ಚೀಲವನ್ನೂ ಇಳಿಸದೆ ಮ್ಯಾನೇಜರ ಕೋಣೆಗೆ ನುಗ್ಗಿದಳು. ಮ್ಯಾನೇಜರು ಕೆಟ್ಟವರೇನಲ್ಲ, ಗಲಾಟೆಗೆ ಹೆದರುವವರು. ಆದರೆ ಗಲಾಟೆಗೆ ಹೆದರುವವರು ಮಾಡುವಷ್ಟು ಕೆಡುಕನ್ನು ಕೆಟ್ಟವರೂ ಮಾಡುವುದಿಲ್ಲ.

"ಹೆಂಗಸರು ಯಾಕೆ ಬೇಡ ಸಾರ್?"

"ಯಾಕೆ ಅಂತ ಬೇರೆ ಕೇಳ್ತೀರಾ? ಕಳೆದ ಸಲ ಏನಾಯ್ತು?"

"ಬಿದ್ದೆ."

"ನೀವೊಬ್ರೇ ಅಲ್ಲ, ಆ ಹುಡುಗೀನೂ ಬಿದ್ಲು. ತಲೆಗೆ ಪೆಟ್ಟಾಗಿದ್ರೆ ಮೇಲಿನವರಿಗೆ ಉತ್ತರ ಕೊಡೋರು ಯಾರು?"

"ವೆಲ್ಡರೂ ಬಿದ್ದ."

"ಅವನಿಗೆ ನಿದ್ದೆ ಇರ್ಲಿಲ್ಲ."

"ನಮಗೆ ನೀರಿರ್ಲಿಲ್ಲ."

ಮ್ಯಾನೇಜರು ಮುಗುಳ್ನಕ್ಕರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ನೆಲ ನಿಜವಾಗ್ಲೂ ಡೊಂಕೇ ಇದೆ ಸಾರ್. ಒಂದು ದಿನ ನಮ್ಮ ಜೊತೆ ಬಂದು ಕುಣಿದು ನೋಡಿ."

ಮಾತಿಗೆ ಮಾತು ಬೆಳೆಯಿತು. ಕೊನೆಗೆ, ಇವಳು ಬಾಗಿಲು ಬಿಟ್ಟು ಹೋದರೆ ಸಾಕೆಂದು ಮ್ಯಾನೇಜರು ಒಂದು ಕರಾರಿಗೆ ಬಂದರು. ಈ ಸಲ ಹೆಂಗಸರು ಬರಬಹುದು. ಆದರೆ ಒಬ್ಬಳು, ಒಬ್ಬಳೇ ಒಬ್ಬಳು ಬಿದ್ದರೂ ಇನ್ನೆಂದೂ ಈ ಡಿಪೋದಲ್ಲಿ ಹೆಂಗಸರು ರಕ್ತ ಕೊಡುವ ಮಾತೆತ್ತಬಾರದು. ಧೊಪ್ಪಕ್ಕ ಒಪ್ಪಿದಳು. ಒಪ್ಪಿದ ಮೇಲೆ, ಗೋಡೆಯ ಮೊಳೆಯಲ್ಲಿದ್ದ ಮರದ ತುಂಡಿಗೆ ಕೈ ಹಾಕಿದಳು.

"ಅದ್ಯಾಕೆ?" ಎಂದರು ಮ್ಯಾನೇಜರು. "ಮೇಲಿನವರು ಬಂದಾಗ ಚೊಕ್ಕಟವಾಗಿರ್ಲಿ ಅಂತ ಮುಚ್ಚಿಟ್ಟಿರೋದು."

"ನೀರು ಕುಡಿಸ್ತೀನಿ ಸಾರ್. ಕುಡಿದ ನೀರು ಎಲ್ಲಿಗೆ ಹೋಗ್ಬೇಕು, ನಿಮ್ಮ ಕೋಣೆಗಾ?"

ಮ್ಯಾನೇಜರು ತಲೆ ತಗ್ಗಿಸಿ ಕಡತ ಹುಡುಕತೊಡಗಿದರು. ಧೊಪ್ಪಕ್ಕ ಆ ಮರದ ತುಂಡನ್ನು ಮರೆಮಾಡಲಿಲ್ಲ. ತಲೆಯ ಮೇಲೆತ್ತಿ ಹಿಡಿದು, ಸೀಟಿ ಊದುತ್ತ, ಅಂಗಳದ ನಟ್ಟನಡುವೆ ನಡೆದಳು. ಬೀಡಿ ಸೇದುತ್ತಿದ್ದವರೆಲ್ಲ ತಿರುಗಿ ನೋಡಿದರು. "ನೋಡಿ, ಚೆನ್ನಾಗಿ ನೋಡಿ! ಹೆಂಗಸರೂ ಮನುಷ್ಯರೇ, ಅವರಿಗೂ ಮೂತ್ರ ಬರುತ್ತೆ!" ಎಂದಳು, ಹಿಂಬಾಗಿಲಿನಿಂದ ಮುಂಬಾಗಿಲಿಗೆ ಕೇಳಿಸುವ ಅದೇ ದನಿಯಲ್ಲಿ. ನೋಡುತ್ತಿದ್ದವರೇ ನಾಚಿ ನೆಲ ನೋಡಿದರು.

ಒಳಗೆ ಹಳೇ ಟಯರುಗಳೂ ಒಡೆದ ಸೀಟುಗಳೂ ತುಂಬಿದ್ದವು. ಮುಚ್ಚಿಟ್ಟಿದ್ದ ಚೊಕ್ಕಟ ಇದು. ಧೊಪ್ಪಕ್ಕನ ಬಸ್ಸು ಓಡಿಸುವ ಡ್ರೈವರಣ್ಣ, ನಿವೃತ್ತಿಗೆ ಹತ್ತಿರವಾದ ಮಿತಮಾತಿನ ಮನುಷ್ಯ, ಕೇಳದೆಯೇ ಬಂದು ಟಯರುಗಳನ್ನು ಒಂದೊಂದಾಗಿ ಉರುಳಿಸಿಕೊಂಡು ಹೋದ. "ಅಣ್ಣಾ, ನಿಮಗ್ಯಾಕೆ ಈ ಉಸಾಬರಿ?" ಎಂದರೆ, "ಹೋದ ಸಲ ಹಾರ್ನ್ ಹೊಡೆದಿದ್ದು ನಾನೇ ತಾನೆ" ಎಂದ. ಅವಳಿಗೆ ಅಷ್ಟು ಸಾಕಾಯಿತು. ಸಂಜೆಯ ಹೊತ್ತಿಗೆ ನಲ್ಲಿಯಲ್ಲಿ ನೀರು ಬಂತು, ಒಳಗಡೆ ಚಿಲಕವೂ ಕೂತಿತು.

ಶಿಬಿರದ ದಿನ ಬೆಳಗ್ಗೆ ಮನೆಯಲ್ಲಿ ಗಂಡ ತಟ್ಟೆಯನ್ನು ಅವಳ ಮುಂದಕ್ಕೆ ತಳ್ಳಿದ. ದರ್ಜಿ ಕೆಲಸದವನು, ಸೂಜಿ ಚುಚ್ಚಿದರೆ ತಾನೇ ಕಣ್ಣು ಮುಚ್ಚುವವನು. "ಮತ್ತೆ ಬಿದ್ರೆ?" ಎಂದ.

"ಬಿದ್ರೆ ಏಳ್ತೀನಿ."

"ಏಳೋದಕ್ಕಾದ್ರೂ ತಿನ್ನು." ಇನ್ನೊಂದು ಸೌಟು ಬಡಿಸಿದ. ಅವಳು ತಟ್ಟೆ ಖಾಲಿ ಮಾಡಿದಳು.

ಊಟದ ಹಜಾರದಲ್ಲಿ ಮಂಚಗಳು ಸಾಲಾಗಿ ನಿಂತಿದ್ದವು. ಹೋದ ವರ್ಷದ ಸಿಸ್ಟರೇ ಬಂದಿದ್ದರು. ಬಾಗಿಲಲ್ಲಿ ನೀರಿನ ಡ್ರಮ್ಮು, ಉಪ್ಪುಬಿಸ್ಕತ್ತು, ಡ್ರಮ್ಮಿನ ಪಕ್ಕ ಧೊಪ್ಪಕ್ಕ. "ಗ್ಲಾಸು ಖಾಲಿಯಾಗ್ದೆ ಒಳಗೆ ಬಿಡಲ್ಲ. ತಿಂಡಿ ತಿಂದು ಬಂದಿರಾ? ಇಲ್ವಾ? ಹಾಗಾದ್ರೆ ಕ್ಯಾಂಟೀನಿಗೆ ಹೋಗಿ, ತಿಂದು, ಆಮೇಲೆ ಬನ್ನಿ." ಚೀಟಿ ತೆಗೆದುಕೊಳ್ಳದವರನ್ನು ಬಸ್ಸಿನಿಂದ ಇಳಿಸುವ ಹಾಗೆಯೇ ಇಳಿಸಿದಳು. ಗಂಡಸರು ಗೊಣಗಿದರು, ಕುಡಿದರು. ಕಷ್ಟವಾದದ್ದು ಹೆಂಗಸರಿಗೆ. ವರ್ಷಾನುಗಟ್ಟಲೆ ಕಲಿತ ವಿದ್ಯೆ, ಗ್ಲಾಸು ಕೈಗೆ ಕೊಟ್ಟರೂ ಗಂಟಲು ಬೇಡ ಎನ್ನುತ್ತಿತ್ತು. ಹೋದ ಸಲ ಜಾರಿದ್ದ ಹುಡುಗಿ ಗ್ಲಾಸು ಹಿಡಿದು, "ಆಮೇಲೆ ಎಲ್ಲಿಗೆ ಹೋಗೋದಕ್ಕಾ?" ಎಂದು ಪಿಸುಗುಟ್ಟಿದಳು.

ಧೊಪ್ಪಕ್ಕ ಅವಳ ಗಲ್ಲ ಹಿಡಿದು ಅಂಗಳದ ಕಡೆ ತಿರುಗಿಸಿದಳು. ಶೌಚಾಲಯದ ಬಾಗಿಲು ಹಾರುಹೊಡೆದಿತ್ತು. ಹುಡುಗಿ ಅದನ್ನೇ ನೋಡುತ್ತ ಒಂದೇ ಉಸಿರಿಗೆ ಕುಡಿದಳು, ಇನ್ನೊಂದು ಗ್ಲಾಸು ಕೇಳಿದಳು.

ಮಲಗಿದವರಿಗೆ ಸಿಸ್ಟರು ಇನ್ನೊಂದು ಉಪಾಯ ಹೇಳಿಕೊಡುತ್ತಿದ್ದರು. ಕಾಲ ಮೇಲೆ ಕಾಲು ಹಾಕಿ, ತೊಡೆ, ಹೊಟ್ಟೆ ಬಿಗಿ ಹಿಡಿಯುವುದು, ಸ್ವಲ್ಪ ಹೊತ್ತು ಹಾಗೇ ಇದ್ದು ಸಡಿಲ ಬಿಡುವುದು, ಮತ್ತೆ ಬಿಗಿಯುವುದು. ಆಗ ರಕ್ತ ಕಾಲಲ್ಲಿ ನಿಲ್ಲದೆ ತಲೆಗೆ ಹೋಗುತ್ತದೆ. ಹುಡುಗಿಗೆ ಹೆದರಿಕೆಯಲ್ಲಿ ತಿಳಿಯಲಿಲ್ಲ, ಕೈ ಬಿಗಿದಳು, ಹಲ್ಲು ಬಿಗಿದಳು, ತೊಡೆ ಮಾತ್ರ ಬಿಗಿಯಲಿಲ್ಲ. ಧೊಪ್ಪಕ್ಕ ಮಂಚದ ತಲೆಗೆ ಬಂದು ನಿಂತಳು.

"ಸೂಜಿ ಕಡೆ ನೋಡಬೇಡ, ನನ್ನ ನೋಡು. ನೀನೀಗ ಬಸ್ಸಲ್ಲಿದ್ದೀಯ. ಕೈಯಲ್ಲಿ ಚೀಟಿ ಇದೆ, ಕಂಬಿ ಹಿಡಿಯೋ ಹಾಗಿಲ್ಲ. ತಿರುವು ಬಂತು!"

ಹುಡುಗಿಯ ತೊಡೆ ತಾನಾಗಿಯೇ ಬಿಗಿಯಿತು.

"ತಿರುವು ಮುಗೀತು, ಬಿಡು. ಮತ್ತೆ ತಿರುವು ಬಂತು!"

ಪಕ್ಕದ ಮಂಚಗಳಲ್ಲಿದ್ದವರೂ ಕಾಲು ಬಿಗಿದರು. ಸಿಸ್ಟರು ನಗುತ್ತ, ತಾವೂ "ತಿರುವು" ಎನ್ನತೊಡಗಿದರು. ಹುಡುಗಿ ರಕ್ತ ಕೊಟ್ಟಳು, ಹೇಳಿದಷ್ಟು ಹೊತ್ತು ಮಲಗಿದಳು, ಎದ್ದು ಕೂತಳು, ಆಮೇಲೆ ನಿಧಾನವಾಗಿ ನಿಂತಳು. ನಿಂತೇ ಇದ್ದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಎಲ್ಲರಿಗೂ ಧೊಪ್ಪಕ್ಕ ಕೊಟ್ಟದ್ದು ಒಂದೇ ಅಪ್ಪಣೆ. "ತಲೆ ಸುತ್ತಿದ್ರೆ, ಕಣ್ಣು ಮಂಜಾದ್ರೆ, ಬಾಯಿ ಬಿಟ್ಟು ಹೇಳಿ. ನಾಚಿಕೆ ಅಂತ ನುಂಗಿಕೊಂಡವರೇ ಬೀಳೋದು." ಬಾಗಿಲಲ್ಲಿ ಮ್ಯಾನೇಜರು ಆಗಾಗ ಬಂದು ಇಣುಕಿ, ಯಾರೂ ಬಿದ್ದಿಲ್ಲವೆಂದು ನೋಡಿಕೊಂಡು ಹೋಗುತ್ತಿದ್ದರು. ಅವರ ಮುಖದಲ್ಲಿ ಇದ್ದದ್ದು ನೆಮ್ಮದಿಯೋ ನಿರಾಸೆಯೋ ಹೇಳುವುದು ಕಷ್ಟ.

ಹೆಂಗಸರಲ್ಲಿ ಕೊನೆಗೆ ಉಳಿದವಳು ಧೊಪ್ಪಕ್ಕ ಒಬ್ಬಳೇ. ಅವಳೂ ಮಂಚ ಹತ್ತಿದಳು.

ಅವಳು ನೀರು ಕುಡಿದಿದ್ದಳು, ತಿಂದಿದ್ದಳು, ಕಾಲ ಮೇಲೆ ಕಾಲು ಹಾಕಿದ್ದಳು. ಸೂಜಿಯ ಕಡೆ ನೋಡಲೂ ಇಲ್ಲ. ರಕ್ತದ ಚೀಲ ತುಂಬುತ್ತ ಬಂತು. ಗೆದ್ದೆ ಎಂದು ಅವಳು ಒಳಗೊಳಗೇ ಅಂದುಕೊಳ್ಳುವಷ್ಟರಲ್ಲಿ ಕಿವಿಯಲ್ಲಿ ಗುಂಯ್ ಎಂದಿತು. ಹಜಾರದ ಸದ್ದು ದೂರ ಸರಿಯಿತು. ತುಟಿ ತಣ್ಣಗಾಯಿತು, ಹಣೆಯಲ್ಲಿ ಬೆವರು ಮೂಡಿತು. ಅದೇ, ಹೋದ ವರ್ಷದ್ದೇ. ಎಲ್ಲ ಮಾಡಿದರೂ ಕೆಲವರಿಗೆ ಬರುತ್ತದೆ, ಅದರಲ್ಲೂ ಒಂದು ಸಲ ಬಿದ್ದವರಿಗೆ, ಎಂದು ಸಿಸ್ಟರು ಹೇಳಿದ್ದರು. ಅದು ಬೇರೆಯವರಿಗೆ ಹೇಳಿದ್ದು ಎಂದು ಅವಳು ತಿಳಿದಿದ್ದಳು.

ಬಾಗಿಲಲ್ಲಿ ಮ್ಯಾನೇಜರು ನಿಂತಿರುವುದು ಮಸುಕಾಗಿ ಕಂಡಿತು. ಈಗ ಹೇಳಿದರೆ? ಧೊಪ್ಪಕ್ಕ ಮತ್ತೆ ಧೊಪ್ ಎಂದು ಡಿಪೋ ನಗುತ್ತದೆ. ಕರಾರು ಮುರಿಯಿತು ಎಂದು ಅವರು ಬಾಗಿಲು ಹಾಕುತ್ತಾರೆ. ಇಷ್ಟು ಹೆಂಗಸರು ಗೆದ್ದದ್ದು ತನ್ನೊಬ್ಬಳಿಂದ ಹೋಗುತ್ತದೆ. ಹೇಳದೆ ಹಲ್ಲು ಕಚ್ಚಿಕೊಂಡರೆ? ಇನ್ನು ಸ್ವಲ್ಪ ಹೊತ್ತು ತಾನೆ. ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಸುಲಭ. ಬಾಯಾರಿಕೆ ಮುಚ್ಚಿಟ್ಟ ಹಾಗೆ, ಹೊಟ್ಟೆನೋವು ಮುಚ್ಚಿಟ್ಟ ಹಾಗೆ, ಇಷ್ಟು ವರ್ಷ ಎಲ್ಲವನ್ನೂ ಮುಚ್ಚಿಟ್ಟ ಹಾಗೆ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ! ಅವಳಿಗೆ ತನ್ನ ಮೇಲೇ ಸಿಟ್ಟು ನೆತ್ತಿಗೇರಿತು. ಇದ್ದಬದ್ದ ಉಸಿರನ್ನೆಲ್ಲ ಎಳೆದುಕೊಂಡಳು.

"ಸಿಸ್ಟರ್! ನನಗೆ ತಲೆ ಸುತ್ತುತ್ತಿದೆ! ಕಣ್ಣು ಕತ್ತಲೆ ಬರ್ತಿದೆ!"

ಹಿಂಬಾಗಿಲಿನ ದನಿ. ಹಜಾರ ನಡುಗಿತು. ಸಿಸ್ಟರು ಓಡಿಬಂದು ಚೀಲ ನೋಡಿ, "ಸಾಕು, ತುಂಬಿದೆ" ಎಂದು ಸೂಜಿ ತೆಗೆದು, ಮಂಚದ ತಲೆಯನ್ನು ತಗ್ಗಿಸಿ ಕಾಲನ್ನು ಎತ್ತಿ ಹಿಡಿದರು. ಡ್ರೈವರಣ್ಣ ಎಲ್ಲಿದ್ದನೋ, "ತಿರುವು ಬಂತು!" ಎಂದು ಕೂಗಿದ. ಇಷ್ಟು ವರ್ಷ ಅವನು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ರಕ್ತ ಕೊಟ್ಟು ಕೂತಿದ್ದ ಹೆಂಗಸರೆಲ್ಲ ದನಿಗೂಡಿಸಿದರು. "ತಿರುವು ಬಂತು ಅಕ್ಕಾ! ಬಿಗಿ ಹಿಡಿ!" ಧೊಪ್ಪಕ್ಕ ಬಿಗಿದಳು, ಬಿಟ್ಟಳು, ಬಿಗಿದಳು. ಗುಂಯ್ ಎನ್ನುವುದು ಸಣ್ಣದಾಯಿತು. ಮೇಲಿನ ಫ್ಯಾನಿನ ರೆಕ್ಕೆಗಳು ಮತ್ತೆ ಬೇರೆ ಬೇರೆಯಾಗಿ ಕಂಡವು.

ಮ್ಯಾನೇಜರು ಮಂಚದ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು. "ಕೊನೆಗೂ ಒಬ್ರು ಬಿದ್ದಂತಾಯ್ತಲ್ಲ."

"ಬಿದ್ದಿಲ್ಲ ಸಾರ್, ಮಲಗಿದ್ದೀನಿ," ಎಂದಳು ಧೊಪ್ಪಕ್ಕ, ಕಾಲು ಮೇಲೆ, ತಲೆ ಕೆಳಗೆ. "ಬಿದ್ದೋರು ನಿಮಗೆ ಹೀಗೆ ಉತ್ತರ ಕೊಡ್ತಾರಾ?"

ಅವರು ಇನ್ನೇನೋ ಹೇಳುವವರಿದ್ದರು. ಅಷ್ಟರಲ್ಲಿ ಪಕ್ಕದ ಮಂಚದಿಂದ ಒಂದು ಸಣ್ಣ ದನಿ ಬಂತು. ಸಣ್ಣ ದನಿಯ ಒಡೆಯ ವೆಲ್ಡರು. ಮುಖ ಬಿಳಿಚಿತ್ತು, ಮೀಸೆಯ ಮೇಲೆ ಬೆವರಿತ್ತು. "ಅಕ್ಕಾ, ನನಗೂ ಹಾಗೇ ಆಗ್ತಿದೆ. ಹೋದ ಸಲಾನೂ ಹೀಗೇ ಆಗಿತ್ತು. ನಿದ್ದೆಗಿದ್ದೆ ಏನಿಲ್ಲ, ಹೇಳೋದಕ್ಕೆ ನಾಚಿಕೆಯಾಗಿತ್ತು ಅಷ್ಟೆ."

ಯಾರೂ ನಗಲಿಲ್ಲ. ಸಿಸ್ಟರು ಅವನ ಕಾಲನ್ನೂ ಎತ್ತಿದರು. "ತಿರುವು ಬಂತಪ್ಪಾ, ಬಿಗಿ ಹಿಡಿ" ಎಂದಳು ಧೊಪ್ಪಕ್ಕ ಮಲಗಿದಲ್ಲಿಂದಲೇ, ತಮ್ಮನಿಗೆ ಹೇಳುವ ಹಾಗೆ. ಆ ದಿನ ಡಿಪೋದಲ್ಲಿ ಯಾರೂ ನೆಲಕ್ಕೆ ಬೀಳಲಿಲ್ಲ, ಗಂಡಸಾಗಲಿ ಹೆಂಗಸಾಗಲಿ. ಮ್ಯಾನೇಜರು ಅದನ್ನು ಬಾಯಿಬಿಟ್ಟು ಒಪ್ಪಲಿಲ್ಲ, ಆದರೆ ಫಲಕದ ಬಳಿ ಹೋಗಿ, ಪುರುಷ ಸಿಬ್ಬಂದಿಗೆ ಮಾತ್ರ ಎಂದಿದ್ದ ಆ ಸೂಚನೆಯನ್ನು ತಾವೇ ಕಿತ್ತರು.

ಶಿಬಿರ ಮುಗಿದು ಮಂಚಗಳನ್ನು ಮಡಿಸುವಾಗ ಧೊಪ್ಪಕ್ಕ ಅವರ ಕೋಣೆಗೆ ಹೋದಳು. ಮರದ ತುಂಡನ್ನು ಮೇಜಿನ ಮೇಲಿಟ್ಟಳು. ಬೀಗದ ಕೈ ಅದಕ್ಕೆ ಕಟ್ಟಿದ ಹಾಗೇ ಇತ್ತು. ಮ್ಯಾನೇಜರಿಗೆ ಮೊದಲ ಸಲ ಅವಳ ಮೇಲೆ ಪ್ರೀತಿ ಬಂದಂತಾಯಿತು.

"ಒಳ್ಳೇದಾಯ್ತು. ಬೀಗ ಹಾಕಿದ್ರಾ?"

"ಇಲ್ಲ ಸಾರ್." ಧೊಪ್ಪಕ್ಕ ಹೆಗಲ ಚೀಲವನ್ನು ಮೆಲ್ಲನೆ ಅಲ್ಲಾಡಿಸಿದಳು. ಚಿಲ್ಲರೆಯ ನಡುವೆ ಭಾರದ್ದೇನೋ ಠಣ್ ಎಂದಿತು. "ಕೀ ನಿಮ್ಮ ಹತ್ರ ಇರ್ಲಿ. ಬೀಗ ನನ್ನ ಹತ್ರ ಇರುತ್ತೆ."

ಆಮೇಲೆ ಮೇಜಿನ ಮೇಲಿದ್ದ ಹೂಜಿಯಿಂದ ಗ್ಲಾಸಿಗೆ ನೀರು ಬಗ್ಗಿಸಿಕೊಂಡು, ಅವರ ಎದುರಿಗೇ ಗಟಗಟನೆ ಕುಡಿದು, ಹೊರಗೆ ಬಂದು, ತನ್ನ ಟ್ರಿಪ್ಪಿಗೆ ಹೊರಟಿದ್ದ ಬಸ್ಸಿಗೆ ಕೈಬೀಸಿದಳು. "ಅಣ್ಣಾ, ಇವತ್ತು ನಾನು ಬರಲ್ಲ! ರಕ್ತ ಕೊಟ್ಟಿದ್ದೀನಿ, ಮನೆಗೆ ಹೋಗಿ ಮಲಗ್ತೀನಿ!"

ಬಸ್ಸು ಹಾರ್ನ್ ಹೊಡೆಯದೆ ಹೋಯಿತು.